ಬಂಗಾರಪೇಟೆಯಿಂದ ಸ್ಪಂಜಿನ ಬೆನ್ನು ಹತ್ತಿ

ಬಂಗಾರಪೇಟೆ ಜಂಕ್ಷನ್ನಿನಲ್ಲಿ ಸಂಜೆ ಬೆಂಗಳೂರಿನ ಗಾಡಿ ಇಳಿದು ಮಾರಿಕುಪ್ಪಂ ಕಡೆ ಹೋಗುವವರ ಕಾಲು ನೋಡಿ: ಎಷ್ಟೋ ಚಪ್ಪಲಿಗಳ ಅಟ್ಟೆ ಪಿಯು. ಅಂದರೆ ಪಾಲಿಯುರೆಥೇನ್. 2001ರ ಫೆಬ್ರುವರಿ 28ರಂದು ಚಿನ್ನದ ಗಣಿ ಮುಚ್ಚಿದ ಮೇಲೆ ಕೆಜಿಎಫ್‌ನ (ಕೋಲಾರ ಗೋಲ್ಡ್ ಫೀಲ್ಡ್ಸ್) ಎಷ್ಟೋ ಜನ ಹೊಟ್ಟೆಪಾಡಿಗೆ ನಂಬಿದ್ದು ಬೆಂಗಳೂರಿಗೆ ಒಯ್ಯುವ ಈ ಹಳಿಯನ್ನೇ. ಸ್ಟೇಷನ್ನಿನಾಚೆ ನಿಂತ ಹಾಲಿನ ಟ್ಯಾಂಕರಿನಲ್ಲೂ ಅದೇ ಪಿಯು. ಎರಡು ಸ್ಟೀಲ್ ತಗಡುಗಳ ನಡುವೆ ಗಟ್ಟಿ ನೊರೆಯಾಗಿ ಕೂತು ಬಿಸಿಲನ್ನು ತಡೆಯುತ್ತದೆ. ಕೋಲ್ಡ್ ಸ್ಟೋರೇಜಿನವರು ‘ಪಫ್’ ಎನ್ನುವುದು ಇದಕ್ಕೇ.

ಮುಂದೆ ಬೆಮೆಲ್ ನಗರ. 1964ರಲ್ಲಿ ಹುಟ್ಟಿದ ಬೆಮೆಲ್‌ನ ಇಲ್ಲಿನ ಕಾರ್ಖಾನೆ ಬುಲ್ಡೋಜರು, ಎಕ್ಸ್‌ಕವೇಟರುಗಳಿಗೆ ಹೆಸರಾದದ್ದು. ಇಂಥ ಯಂತ್ರಗಳ ಹೈಡ್ರಾಲಿಕ್ ಸಿಲಿಂಡರಿನೊಳಗೆ ಎಣ್ಣೆ ಸೋರದಂತೆ ಹಿಡಿಯುವ ಸೀಲು ಸಾಮಾನ್ಯವಾಗಿ ಪಾಲಿಯುರೆಥೇನಿನದು. ಉಜ್ಜಾಟಕ್ಕೆ ರಬ್ಬರಿಗಿಂತ ಹೆಚ್ಚು ತಾಳುತ್ತದೆ.

ಒಂದೇ ವಸ್ತು ಅಟ್ಟೆ, ನೊರೆ, ಸೀಲು ಎಲ್ಲ ಆಗುವುದು ಹೇಗೆ? ಪಾಲಿಯಾಲ್, ಐಸೊಸೈನೇಟ್ ಎಂಬ ಎರಡು ದ್ರವ ಬೆರೆಸುತ್ತಾರೆ. ಜೊತೆಗೆ ಚೂರು ನೀರು ಬಿದ್ದರೆ ಇಂಗಾಲದ ಡೈಆಕ್ಸೈಡ್ ಹುಟ್ಟಿ, ಮಿಶ್ರಣ ಇಡ್ಲಿ ಹಿಟ್ಟಿನಂತೆ ಉಬ್ಬುತ್ತದೆ. ಪಾಲಿಯಾಲ್ ಬದಲಿಸಿದಂತೆ ಮೆದುವೂ ಆಗುತ್ತದೆ, ಗಟ್ಟಿಯೂ ಆಗುತ್ತದೆ. 1937ರಲ್ಲಿ ಜರ್ಮನಿಯಲ್ಲಿ ಇದನ್ನು ಕಂಡವನು ಒಟ್ಟೊ ಬೇಯರ್. ಬೇಯರ್ ಕಂಪನಿ ಕಟ್ಟಿದ ಮನೆತನಕ್ಕೂ ಇವನಿಗೂ ನಂಟಿಲ್ಲ, ಹೆಸರಷ್ಟೇ ಒಂದು.

ರಾಬರ್ಟ್‌ಸನ್‌ಪೇಟೆಯ ಕುಶನ್ ಅಂಗಡಿಯಲ್ಲಿ ಆಟೋ ಸೀಟು ಬಿಚ್ಚಿ ಹಾಕಿದ್ದರು. ಸೀಟಿನೊಳಗಿನ ಸ್ಪಂಜೂ ಇದೇ ಪಾಲಿಯುರೆಥೇನ್ ನೊರೆ.

“ಅಣ್ಣ, ಮೂವತ್ತೆರಡು ಹಾಕ್ಲಾ, ನಲವತ್ತಾ?”

“ಯಾವ್ದು ಮೆತ್ತಗಿರುತ್ತೋ ಅದು ಹಾಕಪ್ಪ.”

ಗಿರಾಕಿ ತಪ್ಪುವುದು ಇಲ್ಲೇ. ಮೂವತ್ತೆರಡು ಡೆನ್ಸಿಟಿ ಎಂದರೆ ಒಂದು ಘನ ಮೀಟರ್ ಸ್ಪಂಜು 32 ಕಿಲೋ ತೂಗುತ್ತದೆ ಎಂದಷ್ಟೇ. ಮೆದುವಿನ ಲೆಕ್ಕವೇ ಬೇರೆ. ತೂಕ ಕಡಿಮೆಯಾದಷ್ಟೂ ಬೇಗ ತಗ್ಗು ಬೀಳುತ್ತದೆ. ಹೆಬ್ಬೆಟ್ಟಿನಲ್ಲಿ ಒತ್ತಿ ನೋಡಿ ಹಾಸಿಗೆ ಕೊಳ್ಳುವವರಿಗೂ ಇದೇ ಮಾತು: ತೂಕ ಕೇಳಿ.

ಚಾಂಪಿಯನ್ ರೀಫ್ಸ್ ಕಡೆ ನಡೆದರೆ ಸೈನೈಡ್ ದಿಬ್ಬಗಳು. ಅದಿರಿನ ಪುಡಿಯಿಂದ ಸೈನೈಡ್ ದ್ರಾವಣದಲ್ಲಿ ಚಿನ್ನ ಕರಗಿಸಿ ತೆಗೆದ ಮೇಲೆ ಉಳಿದ ಮಣ್ಣು. ಗಾಳಿ ಎದ್ದರೆ ಮನೆಯೊಳಗೂ ಧೂಳು. ಸೈನೈಡಿನ ಹೆಸರಿಗೇ ಬೆಚ್ಚುವ ಈ ಊರಿಗೆ ಇನ್ನೊಂದು ಸಂಗತಿ ತಿಳಿದಿರಬೇಕು. ಸ್ಪಂಜಿಗೆ ಬೆಂಕಿ ತಗುಲಿದರೆ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಜೊತೆ ಹೈಡ್ರೋಜನ್ ಸೈನೈಡ್ ಕೂಡ ಇರುತ್ತದೆ. ಹಾಗಾಗಿ ಹಳೇ ಹಾಸಿಗೆಯನ್ನು ರಸ್ತೆ ಬದಿ ಸುಡುವುದು ಬೇಡವೇ ಬೇಡ. ಕತ್ತರಿಸಿ ಉಳಿದ ಚೂರುಗಳನ್ನು ಗೋಣಿಗೆ ತುಂಬಿ ಮಾರಿದರೆ, ಪುಡಿ ಮಾಡಿ ಅಂಟು ಹಾಕಿ ಒತ್ತಿ ರೀಬಾಂಡೆಡ್ ಹಾಸಿಗೆ ಮಾಡುತ್ತಾರೆ. ಆ ಅಂಟೂ ಪಾಲಿಯುರೆಥೇನೇ.