ಎರಡು ಹೊಳೆಗಳ ನಡುವೆ ಒಂದು ದಿನ

ಲಿಂಗಸೂಗೂರಿನಿಂದ ಮಸ್ಕಿಗೆ ಸುಮಾರು 30 ಕಿಲೋಮೀಟರ್. ಮಸ್ಕಿಯಿಂದ ಸಿಂಧನೂರಿಗೆ ಮತ್ತೆ ಹೆಚ್ಚುಕಡಿಮೆ ಅಷ್ಟೇ. ಈಗ ಇದಕ್ಕೆ 150ಎ ರಾಷ್ಟ್ರೀಯ ಹೆದ್ದಾರಿ ಎನ್ನುತ್ತಾರೆ. ನಾನು ಕಂಡಕ್ಟರ್ ಆಗಿದ್ದ ಕಾಲದಲ್ಲಿ ನಮಗದು ಬರೀ ‘ಸಿಂಧನೂರ್ ರೂಟ್’. ಈ ದಾರಿಯಲ್ಲಿ ಹೊರಗಿನ ಊರಿನವರು ಬಸ್ ಹತ್ತಿದರೆ ಟಿಕೆಟ್ ತಗೊಂಡು, ಚೀಲ ತೊಡೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿಬಿಡುತ್ತಿದ್ದರು. ಹಂಪಿಗೋ ಬಾದಾಮಿಗೋ ಹೋಗುವವರಿಗೆ ನಮ್ಮ ಸೀಮೆ ನಿದ್ದೆ ಮಾಡುವ ಜಾಗ. ಅವರ ತಪ್ಪಲ್ಲ. ಇಳಿದು ನೋಡಿ ಎಂದು ಹೇಳಿದವರಾದರೂ ಯಾರು?

ನನ್ನ ತಂಗಿಯ ಮಗ ವಿಯೆನ್ನಾದಲ್ಲಿ ಕೆಲಸಕ್ಕಿದ್ದಾನೆ. ಅಲ್ಲಿಂದ ಡಾನ್ಯೂಬ್ ದಂಡೆಯ ಡ್ಯೂರ್ನ್‌ಸ್ಟೈನ್ ಎಂಬ ಪುಟ್ಟ ಊರಿಗೆ ಒಂದು ದಿನದ ಮಟ್ಟಿಗೆ ಹೋಗಿಬಂದು ಫೋಟೊ ಕಳಿಸಿದ್ದ. ಸಾವಿರ ಜನವೂ ಇಲ್ಲದ ಊರು, ಹೊಳೆ, ಮೇಲೊಂದು ಗುಡ್ಡ, ಗುಡ್ಡದ ತುದಿಗೆ ಪಾಳುಬಿದ್ದ ಕೋಟೆ. ಇಂಗ್ಲೆಂಡಿನ ರಾಜ ಒಂದನೇ ರಿಚರ್ಡನನ್ನು ಆಸ್ಟ್ರಿಯಾದ ದೊರೆ ಸೆರೆಹಿಡಿದು 1192–93ರ ಚಳಿಗಾಲದಲ್ಲಿ ಅಲ್ಲಿ ಇಟ್ಟಿದ್ದನಂತೆ. ಆ ಒಂದು ಕಥೆಯ ಬಲದ ಮೇಲೆ ಜನ ದೋಣಿಯಲ್ಲಿ ಬರುತ್ತಾರೆ, ಗುಡ್ಡ ಹತ್ತುತ್ತಾರೆ, ಇಳಿದು ಊಟ ಮಾಡುತ್ತಾರೆ, ಸಂಜೆಗೆ ವಾಪಸ್. ಹುಡುಗ ಫೋನಿನಲ್ಲಿ ಕೇಳಿದ, “ಮಾಮಾ, ನಾ ಗೆಳೆಯರನ್ನ ಕರಕೊಂಡು ಬರ್ತೀನ್ರಿ. ನಮ್ಮ ಕಡಿಗೂ ಹಿಂಗ ಒಂದಿನದಾಗ ನೋಡಾಕ ಆಗ್ತೈತೇನ್ರಿ?” ಜೊತೆಗೊಂದು ಪಟ್ಟಿಯನ್ನೂ ಕಳಿಸಿದ. ಜಲದುರ್ಗ, ಮುದಗಲ್, ಪಿಕ್ಲಿಹಾಳ, ಹಟ್ಟಿ ಚಿನ್ನದ ಗಣಿ, ಮಸ್ಕಿ, ಅಂಬಾಮಠ, ಸಿಂಧನೂರಿನ ಬಂಗಾಳಿ ಕ್ಯಾಂಪು. ಒಂದೇ ದಿನಕ್ಕೆ!

“ಅಳಿಯಾ, ಇದು ಪ್ರವಾಸಲ್ಲೋ, ಎಕ್ಸ್‌ಪ್ರೆಸ್ ಬಸ್ಸು” ಎಂದೆ. ಆಮೇಲೆ ಪೆನ್ನು ಹಿಡಿದು ಒಂದೊಂದೇ ಹೊಡೆದು ಹಾಕುತ್ತ ಬಂದೆ.

ಮೊದಲು ಹೋದದ್ದು ಹಟ್ಟಿ. ದೇಶದಲ್ಲಿ ಇವತ್ತಿಗೂ ಹೇಳಿಕೊಳ್ಳುವಷ್ಟು ಚಿನ್ನ ತೆಗೆಯುವ ಗಣಿ ಅದು. ಈಗಿನ ಕಂಪನಿ ನಿಜಾಮರ ಕಾಲದ ಕೊನೆಯಲ್ಲಿ, 1947ರಲ್ಲಿ, ಹೈದರಾಬಾದ್ ಗೋಲ್ಡ್ ಮೈನ್ಸ್ ಎಂಬ ಹೆಸರಿನಲ್ಲಿ ಶುರುವಾಯಿತು. ಅದಕ್ಕೂ ಎಷ್ಟೋ ಶತಮಾನ ಮುಂಚೆ ಇಲ್ಲಿಯ ಜನ ಬಂಡೆಗೆ ಬೆಂಕಿ ಹಚ್ಚಿ, ಕಾದ ಕಲ್ಲು ಸಿಡಿಸಿ ಆಳಕ್ಕೆ ಇಳಿದಿದ್ದರು. ಆದರೆ ಅದು ದುಡಿಯುವ ಗಣಿ. ಅನುಮತಿ ಇಲ್ಲದೆ ಒಳಗೆ ಬಿಡುವುದಿಲ್ಲ, ಬಿಡಲೂ ಬಾರದು. ಗೇಟಿನ ಹೊರಗೆ ನಿಂತು ಏನು ನೋಡುತ್ತೀರಿ?

ಮುದಗಲ್ಲನ್ನು ಹೊಡೆದು ಹಾಕುವಾಗ ಮಾತ್ರ ಕೈ ತಡೆಯಿತು. ಬಹಮನಿಗಳು, ವಿಜಯನಗರದವರು, ಆದಿಲ್‌ಶಾಹಿಗಳು ಕೈಯಿಂದ ಕೈಗೆ ಕಿತ್ತುಕೊಂಡ ಕೋಟೆ. ಮುದಗಲ್ಲಿನ ಅಕ್ಕಸಾಲಿಗನ ಮಗಳಿಗೆ ಮನಸೋತು ಒಂದನೇ ದೇವರಾಯ 1406ರಲ್ಲಿ ಫಿರೋಜ್‌ಶಾ ಬಹಮನಿಯೊಡನೆ ಯುದ್ಧ ಕಟ್ಟಿಕೊಂಡ ಎಂದು ಫೆರಿಷ್ತಾ ಬರೆದಿದ್ದಾನೆ. ಹುಡುಗಿಯ ಕಥೆ ಎಷ್ಟು ನಿಜವೋ, ಆ ಇತಿಹಾಸಕಾರನಿಗೆ ಮಸಾಲೆ ಕಂಡರೆ ಆಗುತ್ತಿತ್ತು. ಆದರೆ ಕೃಷ್ಣಾ, ತುಂಗಭದ್ರೆಗಳ ನಡುವಿನ ಈ ದೋಆಬಿಗಾಗಿ ನಡೆದ ಜಗಳ ನಿಜ. ಅಲ್ಲಿಯ ಮೊಹರಂ ನೋಡಲು ಎಲ್ಲ ಜಾತಿ, ಎಲ್ಲ ಧರ್ಮದವರೂ ಸೇರುತ್ತಾರೆ. ಹಳೆಯ ಕ್ಯಾಥೊಲಿಕ್ ಕುಟುಂಬಗಳೂ ಅಲ್ಲಿವೆ. ಇಂಥ ಊರನ್ನು ಒಂದು ತಾಸಿನಲ್ಲಿ ಮುಗಿಸುವುದು ಅವಮಾನ ಮಾಡಿದಂತೆ. ಅದಕ್ಕೇ ಬೇರೆಯೇ ದಿನ ಇಟ್ಟುಕೊಳ್ಳಿ. ಹತ್ತಿರದ ಪಿಕ್ಲಿಹಾಳವನ್ನೂ ಆ ದಿನಕ್ಕೇ ಸೇರಿಸಿ. ಬ್ರಿಟನ್ನಿನ ಆಲ್ಚಿನ್ ಅಲ್ಲಿ ಅಗೆದು, ದನ ಸಾಕಿಕೊಂಡಿದ್ದ ಹೊಸಶಿಲಾಯುಗದ ಜನರ ನೆಲೆ ತೋರಿಸಿ 1960ರಲ್ಲಿ ಪುಸ್ತಕ ಮಾಡಿದರು.

ಸಿಂಧನೂರು ತಾಲ್ಲೂಕಿನ ಅಂಬಾಮಠ ಚಿದಾನಂದ ಅವಧೂತರ ನೆಲೆ. ಅಲ್ಲಿಗೆ ಬನದ ಹುಣ್ಣಿಮೆಯ ಜಾತ್ರೆಗೇ ಹೋಗಬೇಕು. ಹಾಗಾಗಿ ಅದೂ ಹೋಯಿತು. ಉಳಿದದ್ದು ಮೂರು: ನಸುಕಿಗೆ ಜಲದುರ್ಗ, ಇಳಿಹೊತ್ತಿಗೆ ಮಸ್ಕಿ, ಸಂಜೆಗೆ ಸಿಂಧನೂರು. ಕೃಷ್ಣೆಯಲ್ಲಿ ಶುರು, ತುಂಗಭದ್ರೆಯ ಕಾಲುವೆ ದಂಡೆಯಲ್ಲಿ ಮುಕ್ತಾಯ.

ಜಲದುರ್ಗ ಲಿಂಗಸೂಗೂರಿನಿಂದ ಸುಮಾರು 20 ಕಿಲೋಮೀಟರ್. ಕೃಷ್ಣೆ ಇಲ್ಲಿ ಸೀಳಿಕೊಂಡು ನಡುವೆ ನೆಲ ಬಿಟ್ಟು ಹರಿಯುತ್ತದೆ. ಇಂಥ ನಡುಗಡ್ಡೆಗೆ ನಾವು ‘ಗಡ್ಡಿ’ ಎನ್ನುತ್ತೇವೆ. ಕಡದರಗಡ್ಡಿ, ಕರಕಲಗಡ್ಡಿ, ಮಾದರಗಡ್ಡಿ ಹೀಗೆ ಊರ ಹೆಸರಿನಲ್ಲೇ ಹೊಳೆ ಇದೆ. ಕೋಟೆ ನಿಂತಿರುವುದು ಹೊಳೆಯ ಮೇಲಿನ ಕಡಿದಾದ ಬಂಡೆಯ ಮೇಲೆ. ಆದಿಲ್‌ಶಾಹಿ ಕಾಲದಲ್ಲಿ ಶಿಕ್ಷೆಯಾದವರನ್ನು ಮೇಲಿನಿಂದ ಮಡುವಿಗೆ ನೂಕುತ್ತಿದ್ದರು ಎಂಬುದು ಊರ ಮಾತು. ಬುರುಜಿನ ಅಂಚಿನಲ್ಲಿ ನಿಂತು ಕೆಳಗೆ ನೋಡಿದವರು ಅದನ್ನು ಸುಳ್ಳೆನ್ನಲು ಹೋಗುವುದಿಲ್ಲ. ಡ್ಯೂರ್ನ್‌ಸ್ಟೈನಿಗೆ ರಿಚರ್ಡ್ ಇದ್ದರೆ ನಮಗೂ ಒಬ್ಬ ಕಥೆಗಾರ ಇದ್ದಾನೆ. ಸುರಪುರದ ಬಾಲ ಅರಸು ವೆಂಕಟಪ್ಪ ನಾಯಕನ ಪಾಲಕನಂತಿದ್ದ ಮೆಡೋಸ್ ಟೇಲರ್, ಚಾಂದ್‌ಬೀಬಿಯ ಕುರಿತ ‘ಎ ನೋಬಲ್ ಕ್ವೀನ್’ ಕಾದಂಬರಿಯಲ್ಲಿ ಜಲದುರ್ಗವನ್ನು ತಂದಿದ್ದಾನೆ. ಲಂಡನ್ನಿನ ಓದುಗರು 1878ರಲ್ಲೇ ಈ ಹೆಸರು ಕೇಳಿದ್ದರು. ನಮ್ಮ ಬಸ್ಸಿನಲ್ಲಿ ಮಲಗಿದವರು ಕೇಳಿಲ್ಲ.

ಇಲ್ಲಿ ಒಂದು ವಿಷಯ ಗಟ್ಟಿಯಾಗಿ ಹೇಳಬೇಕು. ಜಲದುರ್ಗಕ್ಕೆ ಹೋಗುವ ದಿನವನ್ನು ನೀವಲ್ಲ, ಹೊಳೆ ಗೊತ್ತುಮಾಡುತ್ತದೆ. ಮೇಲೆ ನಾರಾಯಣಪುರದಲ್ಲಿ ಬಸವಸಾಗರ ಅಣೆಕಟ್ಟು ಇದೆ. ಅದಕ್ಕೂ ಮೇಲೆ ಆಲಮಟ್ಟಿ. ಮಹಾರಾಷ್ಟ್ರದ ಘಟ್ಟದಲ್ಲಿ ಮಳೆ ಹೊಡೆದರೆ ನಮ್ಮಲ್ಲಿ ಒಂದು ಹನಿ ಬೀಳದಿದ್ದರೂ ಲಕ್ಷಾಂತರ ಕ್ಯೂಸೆಕ್ ನೀರು ಬರುತ್ತದೆ. ಶೀಲಹಳ್ಳಿ ಸೇತುವೆ ಮುಳುಗಿ ಗಡ್ಡಿಗಳ ಕಡೆಯ ದಾರಿ ಕಟ್ಟಾಗುತ್ತದೆ. ಜುಲೈ, ಆಗಸ್ಟ್, ಸೆಪ್ಟೆಂಬರಿನಲ್ಲಿ ಬರುವವರು ಹಿಂದಿನ ರಾತ್ರಿ ಪೇಪರು ನೋಡಿ, ಬೆಳಿಗ್ಗೆ ಲಿಂಗಸೂಗೂರಿನ ಚಾದಂಗಡಿಯಲ್ಲಿ ಒಂದು ಮಾತು ಕೇಳಿಯೇ ಮುಂದೆ ಹೋಗಬೇಕು. ಆಕಾಶ ಸ್ವಚ್ಛ ಇದೆಯಲ್ಲ ಎಂದು ನೀರಿಗೆ ಇಳಿಯುವ ಪಟ್ಟಣದ ಹುಡುಗರೇ ಹೆಚ್ಚು. ನೀರು ಸದ್ದಿಲ್ಲದೆ ಏರುತ್ತದೆ. ಇಳಿಯಬೇಡಿ. ಒಳ್ಳೆಯ ಕಾಲ ನವೆಂಬರಿನಿಂದ ಫೆಬ್ರವರಿ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಬಿಸಿಲಿಗೆ ನಾವೇ ಹೊರಗೆ ಬರುವುದಿಲ್ಲ.

ಹತ್ತು ಗಂಟೆಗೆಲ್ಲ ಲಿಂಗಸೂಗೂರಿಗೆ ಮರಳಬಹುದು. ಮಂಡಾಳ ಒಗ್ಗರಣಿ, ಜೊತೆಗೆ ಬಿಸಿ ಮಿರ್ಚಿ. ಇದು ತಿಂಡಿ. ಮಧ್ಯಾಹ್ನಕ್ಕೆ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಸಿಗುವ ಖಾನಾವಳಿ ಹುಡುಕಿ. ನಡುವೆ ಬಿಡುವಿದ್ದರೆ ಈ ಊರು ಒಂದು ಕಾಲದಲ್ಲಿ ಹೈದರಾಬಾದ್ ಕಂಟಿಂಜೆಂಟ್ ದಂಡಿನ ಠಾಣ್ಯವಾಗಿತ್ತು ಎಂಬುದನ್ನು ನೆನೆದು ಹಳೆಯ ಓಣಿಗಳಲ್ಲಿ ಸುತ್ತಾಡಿ. ಇಲ್ಲದಿದ್ದರೆ ಮರದ ನೆರಳಿಗೆ ಅಡ್ಡಾಗಿ. ಮಧ್ಯಾಹ್ನದ ನಿದ್ದೆಗೆ ನನ್ನ ಅಡ್ಡಿಯಿಲ್ಲ, ಬಸ್ಸಿನಲ್ಲಿ ಮಾತ್ರ ಬೇಡ.

ಮೂರು, ಮೂರೂವರೆಯ ಹೊತ್ತಿಗೆ ಮಸ್ಕಿ. ಬಿಸಿಲೇರಿದಾಗ ಅಲ್ಲಿಯ ಬಂಡೆಗಳು ಕಾದಿರುತ್ತವೆ, ಅದಕ್ಕೇ ಇಳಿಹೊತ್ತು. ಪೂರ್ತಿ ಎರಡು ತಾಸು ಇದಕ್ಕೇ ಮೀಸಲಿಡಿ. ನನ್ನನ್ನು ಕೇಳಿದರೆ ಇಡೀ ದಿನ ಹೊರಟದ್ದೇ ಇದಕ್ಕಾಗಿ.

ಕಥೆ ಹಿಂದಿನಿಂದ ಹೇಳಬೇಕು. ಬ್ರಾಹ್ಮೀ ಲಿಪಿಯನ್ನು ಜೇಮ್ಸ್ ಪ್ರಿನ್ಸೆಪ್ 1837ರಲ್ಲಿ ಓದಿದ. ದೇಶದ ಉದ್ದಗಲಕ್ಕೂ ಬಂಡೆ, ಕಂಬಗಳ ಮೇಲೆ ಒಬ್ಬ ರಾಜ ಮಾತನಾಡುತ್ತಿದ್ದ. ಆದರೆ ಅವನು ತನ್ನನ್ನು ಕರೆದುಕೊಂಡದ್ದು ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂದು. ಅದು ಬಿರುದಾಯಿತು, ಹೆಸರಲ್ಲ. ಶ್ರೀಲಂಕಾದ ಪಾಲಿ ಗ್ರಂಥಗಳನ್ನು ಜಾರ್ಜ್ ಟರ್ನರ್ ಓದಿ, ಪ್ರಿಯದರ್ಶಿ ಎಂದರೆ ಮೌರ್ಯರ ಅಶೋಕ ಎಂದು ಹೇಳಿದ. ವಿದ್ವಾಂಸರು ಒಪ್ಪಿದರು, ಆದರೆ ಕಲ್ಲಿನ ಸಾಕ್ಷಿ ಇರಲಿಲ್ಲ. ಹೀಗೇ ಮುಕ್ಕಾಲು ಶತಮಾನಕ್ಕೂ ಹೆಚ್ಚು ಕಾಲ ಹೋಯಿತು. 1915ರಲ್ಲಿ ನಿಜಾಮರ ಸೀಮೆಯಲ್ಲಿ ಚಿನ್ನ ಹುಡುಕುತ್ತಿದ್ದ ಗಣಿ ಎಂಜಿನಿಯರ್ ಬೀಡನ್ ಮಸ್ಕಿಯ ಗುಡ್ಡದಲ್ಲಿ ಅಕ್ಷರ ಇರುವ ಬಂಡೆ ಕಂಡ. ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಅದೇ ವರ್ಷ ಪ್ರಕಟಿಸಿದರು. ದೇವಾನಾಂಪ್ರಿಯ ಎಂಬುದರ ಪಕ್ಕದಲ್ಲೇ ‘ಅಶೋಕ’ ಎಂಬ ಹೆಸರು ಅಲ್ಲಿತ್ತು. ಅಲ್ಲಿಯವರೆಗೆ ಸಿಕ್ಕಿದ್ದ ಅವನ ಯಾವ ಶಾಸನದಲ್ಲೂ ಇರದಿದ್ದ ಹೆಸರು.

ಶಾಲೆಯ ಪುಸ್ತಕದಲ್ಲಿ ಇದು ಒಂದು ಸಾಲು. ಪರೀಕ್ಷೆಗೆ ಒಂದು ಅಂಕ. ಬಂಡೆಯ ಎದುರು ನಿಂತಾಗ ನನಗೆ ದೊಡ್ಡದೆನಿಸುವುದು ಹೆಸರಿಗಿಂತ ಅದರ ಧಾಟಿ. ಸಾಮ್ರಾಟ ತನ್ನ ಗೆಲುವು ಹೇಳಿಕೊಳ್ಳುವುದಿಲ್ಲ. ತಾನು ಬುದ್ಧನ ಅನುಯಾಯಿಯಾಗಿ ಎರಡೂವರೆ ವರ್ಷ ಆಯಿತು, ಸಂಘದ ಒಡನಾಟಕ್ಕೆ ಬಂದ ಮೇಲೆ ಹುರುಪಿನಿಂದ ನಡೆದುಕೊಂಡೆ ಎನ್ನುತ್ತಾನೆ. ಧರ್ಮದಲ್ಲಿ ತೊಡಗಿದರೆ ಸಣ್ಣವನೂ ಇದನ್ನು ಸಾಧಿಸಬಲ್ಲ, ದೊಡ್ಡವರಿಗಷ್ಟೇ ಎಂದು ತಿಳಿಯಬೇಡಿ, ಇದನ್ನು ಸಣ್ಣವರಿಗೂ ದೊಡ್ಡವರಿಗೂ ಹೇಳಿ ಎಂಬುದು ಅದರ ಸಾರ. ಪಾಟಲಿಪುತ್ರದ ದೊರೆ ಇಷ್ಟು ದೂರದ ನಮ್ಮ ಗುಡ್ಡದಲ್ಲಿ ಈ ಮಾತು ಕೆತ್ತಿಸಿದ್ದು ಯಾಕೆ? ಅನೇಕ ವಿದ್ವಾಂಸರ ಬೆರಳು ಚಿನ್ನದ ಕಡೆಗೆ ಹೋಗುತ್ತದೆ. ಹಟ್ಟಿಯಿಂದ ಮಸ್ಕಿಯವರೆಗೆ ಚಿನ್ನದ ಅದಿರಿನ ಪಟ್ಟಿ ಇದೆ. ಬ್ರಹ್ಮಗಿರಿಯ ಶಾಸನದಲ್ಲಿ ಬರುವ ಮೌರ್ಯರ ದಕ್ಷಿಣದ ರಾಜಧಾನಿ ಸುವರ್ಣಗಿರಿಯನ್ನು ಕೆಲವರು ಮಸ್ಕಿಯೆಂದೂ ಕೆಲವರು ಪಕ್ಕದ ಕನಕಗಿರಿಯೆಂದೂ ಗುರುತಿಸುತ್ತಾರೆ. ಚಿನ್ನಕ್ಕಾಗಿ ಬಂದ ರಾಜ ಕೆತ್ತಿಸಿದ ಹೆಸರನ್ನು ಚಿನ್ನಕ್ಕಾಗಿ ಬಂದ ಎಂಜಿನಿಯರನೇ ಕಂಡನೆಂದರೆ, ಹಟ್ಟಿಯನ್ನು ಪಟ್ಟಿಯಿಂದ ತೆಗೆದರೂ ಅದು ನಮ್ಮ ಬೆನ್ನು ಬಿಟ್ಟಿಲ್ಲ ಎನ್ನಬೇಕು.

ಊರು ಶಾಸನಕ್ಕಿಂತ ಬಹಳ ಹಳೆಯದು. 1954ರಲ್ಲಿ ಬಿ.ಕೆ. ಥಾಪರ್ ಇಲ್ಲಿ ಅಗೆದು ಶಿಲಾ-ತಾಮ್ರಯುಗದಿಂದ ಈಚಿನ ಪದರಗಳನ್ನು ತೆರೆದರು. 2010ರಿಂದ ಅಮೆರಿಕ, ಕೆನಡಾದ ವಿಶ್ವವಿದ್ಯಾಲಯಗಳ ಸಂಶೋಧಕರೂ ಇಲ್ಲಿ ಕೆಲಸ ಮಾಡುತ್ತಿದ್ದಾರೆ. ಕಲ್ಯಾಣ ಚಾಲುಕ್ಯರ ಜಯಸಿಂಹನಿಗೂ ರಾಜೇಂದ್ರ ಚೋಳನಿಗೂ ಯುದ್ಧವಾದ ಮುಸಂಗಿ ಇದೇ ಎನ್ನುತ್ತಾರೆ. ಶಾಸನ ನೋಡಿದ ಮೇಲೆ ಕಾಲಲ್ಲಿ ಕಸುವಿದ್ದರೆ ಗುಡ್ಡದ ಮೇಲಿನ ಮಲ್ಲಿಕಾರ್ಜುನನ ಗುಡಿಗೆ ಹತ್ತಿ. ಮೇಲಿನಿಂದ ಊರೂ ಹಳ್ಳವೂ ಕಾಣುತ್ತವೆ. ಇದು ಡಾನ್ಯೂಬ್ ಅಲ್ಲ, ವರ್ಷದ ಬಹುಪಾಲು ಹಳ್ಳದಲ್ಲಿ ಮರಳೇ ಹೆಚ್ಚು. ಆದರೂ ಈ ಹಳ್ಳ ಇದ್ದುದರಿಂದಲೇ ಇಲ್ಲಿ ಸಾವಿರಾರು ವರ್ಷ ಜನ ಉಳಿದದ್ದು. ಒಂದು ಕೋರಿಕೆ: ಬಂಡೆಯ ಮೇಲೆ ಸುಣ್ಣ, ಸೀಮೆಸುಣ್ಣ ತೀಡಿ ಅಕ್ಷರ ಕಾಣಿಸಲು ಹೋಗಬೇಡಿ. ನಿಮ್ಮ ಹೆಸರನ್ನಂತೂ ಬರೆಯಲೇಬೇಡಿ. ಅಲ್ಲಿ ಇರಬೇಕಾದ ಹೆಸರು ಈಗಾಗಲೇ ಇದೆ.

ಕತ್ತಲಾಗುವ ಮುಂಚೆ ಸಿಂಧನೂರು ಕಡೆಗೆ ಹೊರಟರೆ ದಾರಿಯಲ್ಲಿ ನೆಲದ ಬಣ್ಣವೇ ಬದಲಾಗುತ್ತದೆ. ಜೋಳ, ತೊಗರಿಯ ಬೆದ್ದಲು ಸರಿದು ಭತ್ತದ ಗದ್ದೆಗಳು ಶುರುವಾಗುತ್ತವೆ. ಇದು ತುಂಗಭದ್ರಾ ಎಡದಂಡೆ ಕಾಲುವೆಯ ಕೆಲಸ. ನೀರಿನ ಹಿಂದೆ ಆಂಧ್ರದ ರೈತರು ಬಂದು ಕ್ಯಾಂಪು ಕಟ್ಟಿದರು. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರಿಗೆ ಸರಕಾರ ಇಲ್ಲಿ ಜಮೀನು ಕೊಟ್ಟಿತು. ಇವತ್ತಿಗೂ ಅವರ ಊರುಗಳಿಗೆ ಆರ್.ಎಚ್. ಕ್ಯಾಂಪು ಎಂದೇ ಹೆಸರು. ಅಲ್ಲಿಯ ಮಕ್ಕಳು ಮನೆಯಲ್ಲಿ ಬಂಗಾಳಿ, ಬಸ್ಸಿನಲ್ಲಿ ನಮಗಿಂತ ಚೆಂದದ ರಾಯಚೂರು ಕನ್ನಡ. ದಸರಾ ಹೊತ್ತಿಗೆ ಬಂದರೆ ಅವರ ದುರ್ಗಾಪೂಜೆ ನೋಡಬಹುದು. ಬೇರೆ ದಿನ ಬಂದವರು ಆ ಕ್ಯಾಂಪುಗಳನ್ನು ಪ್ರೇಕ್ಷಣೀಯ ಸ್ಥಳದಂತೆ ಸುತ್ತುವುದು ಬೇಡ, ಜನ ಬಾಳುವ ಊರುಗಳು ಅವು.

ಖರ್ಚಿನ ಮಾತು. ಜಲದುರ್ಗಕ್ಕೆ ಆಟೊ ಅಥವಾ ಸ್ವಂತ ಗಾಡಿ ಇದ್ದರೆ ಅನುಕೂಲ. ಉಳಿದದ್ದಕ್ಕೆ ಬಸ್ಸು ಬೇಕಾದಷ್ಟಿವೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನಮ್ಮ ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ಖರ್ಚೂ ಇಲ್ಲ. 2024ರಿಂದ ಸಿಂಧನೂರಿಗೆ ರೈಲೂ ಬಂದಿದೆ, ಹುಬ್ಬಳ್ಳಿ ಕಡೆಯವರಿಗೆ ಮರಳಲು ಅದು ಸಲೀಸು. ನೀರಿನ ಬಾಟಲಿ, ಟೊಪ್ಪಿಗೆ, ಗಟ್ಟಿ ಚಪ್ಪಲಿ ಮರೆಯಬೇಡಿ. ಗುಡ್ಡದ ಮೇಲೆ ಅಂಗಡಿ ಹುಡುಕಬೇಡಿ.

ಮಳೆಗಾಲವಾಗಿ ಜಲದುರ್ಗ ತಪ್ಪಿದರೂ ಮಸ್ಕಿಯನ್ನು ಬಿಡಬೇಡಿ. ಎರಡನೇ ದಿನ ಕೈಯಲ್ಲಿದ್ದರೆ ಸಿಂಧನೂರಿನಿಂದ ತುಂಗಭದ್ರೆ ದಾಟಿ ಸಿರುಗುಪ್ಪ ತಾಲ್ಲೂಕಿನ ನಿಟ್ಟೂರು, ಉಡೇಗೋಳಕ್ಕೆ ಹೋಗಿ. ಮಸ್ಕಿಯ ನಂತರ ಅಶೋಕನ ಹೆಸರಿರುವ ಶಾಸನಗಳು ಆ ಎರಡು ಊರುಗಳಲ್ಲೂ ಸಿಕ್ಕಿವೆ.