ಮರಳಿ ಮಸಕಾದ ಕಣ್ಣು

ಪೊರೆಯ ಶಸ್ತ್ರಕ್ರಿಯೆ ಮಾಡಿಸಿಕೊಂಡು ಒಂದೆರಡು ವರ್ಷ ನೆಮ್ಮದಿಯಿಂದ ನೋಡುತ್ತಿದ್ದ ವೃದ್ಧರು, ಮತ್ತೆ ನೋಟ ಮಸಕಾಯಿತೆಂದು ಮೂಲೆ ಹಿಡಿದು ಕೂಡುವುದು ನಮ್ಮ ಊರುಗಳಲ್ಲಿ ಅಪರೂಪವಲ್ಲ. ಪೊರೆಯೇ ಮರಳಿ ಬಂದಿತೆಂದು ಮನೆಯವರೂ, ವೈದ್ಯರ ಕೈ ತಪ್ಪಿತೆಂದು ನೆರೆಯವರೂ ಹೇಳುವುದುಂಟು. ತೆಗೆದ ಪೊರೆ ಮತ್ತೆ ಬೆಳೆಯುವ ವಸ್ತುವಲ್ಲ. ವೈದ್ಯರ ಕೈ ಚೆನ್ನಾಗಿದ್ದರೂ ಈ ಮಸಕು ಬರಬಹುದು.

ಈಗಿನ ಕ್ರಮದಲ್ಲಿ ಮಬ್ಬಾದ ಮಸೂರವನ್ನಷ್ಟೆ ತೆಗೆದು, ಅದರ ತೆಳುವಾದ ಚೀಲವನ್ನು ಉಳಿಸಿಕೊಂಡು, ಅದರೊಳಗೆ ಕೃತಕ ಮಸೂರವನ್ನು ಇರಿಸುತ್ತಾರೆ. ಚೀಲದಲ್ಲಿ ಉಳಿದ ಸೂಕ್ಷ್ಮ ಜೀವಕೋಶಗಳು ಕ್ರಮೇಣ ವೃದ್ಧಿಹೊಂದಿ ಹಿಂಬದಿಯ ಪರದೆಯನ್ನು ಆವರಿಸಿದಾಗ ಬೆಳಕಿಗೆ ಅಡ್ಡಿಯಾಗುತ್ತದೆ. ಚೀಲಸಹಿತ ಮಸೂರವನ್ನು ತೆಗೆದು ದಪ್ಪ ಕನ್ನಡಕ ಕೊಡುತ್ತಿದ್ದ ಕಾಲದಲ್ಲಿ ಈ ತೊಡಕಿರಲಿಲ್ಲವೆಂಬುದು ದಿಟ. ಆದರೆ ಕನ್ನಡಕ ಒಡೆದ ದಿನ ಮುದುಕನು ಮತ್ತೆ ಕುರುಡನಂತೆಯೇ ಆಗುತ್ತಿದ್ದನು. ೧೯೪೯ರಲ್ಲಿ ಲಂಡನ್ನಿನ ಹೆರಾಲ್ಡ್ ರಿಡ್ಲೆಯವರು ಕೃತಕ ಮಸೂರವನ್ನು ಕಣ್ಣೊಳಗೆ ಇರಿಸಿ ತೋರಿಸಿದ ಮಾರ್ಗವನ್ನು ಈ ತೊಡಕಿಗಾಗಿ ಯಾರೂ ಹಳಿಯಲಾರರು.

ಮೊದಲು ಈ ಪರದೆಯನ್ನು ಶಸ್ತ್ರದ ಮೊನೆಯಿಂದಲೇ ಸೀಳಬೇಕಾಗಿತ್ತು. ೧೯೮೦ರ ಸುಮಾರಿಗೆ ಪ್ಯಾರಿಸಿನ ದಾನಿಯೆಲ್ ಆರೋನ್-ರೋಸಾ ಎಂಬ ವೈದ್ಯೆಯೂ, ಸ್ವಿಟ್ಜರ್ಲೆಂಡಿನ ಫ್ರಾಂಜ್ ಫಾಂಕ್‌ಹೌಸರ್ ಅವರೂ ಯಾಗ್ ಲೇಸರಿನಿಂದ ಆ ಕಾರ್ಯವನ್ನು ಸಾಧಿಸಿದರು. ಸೆಕೆಂಡಿನ ಶತಕೋಟಿಯಲ್ಲಿ ಕೆಲವೇ ಭಾಗಗಳಷ್ಟು ಕಾಲ ಮಿಂಚುವ ಕಿರಣವು ಪರದೆಯ ನಡುವೆ ಮೂರು ನಾಲ್ಕು ಮಿಲಿಮೀಟರಿನ ಕಿಂಡಿಯನ್ನು ತೆರೆಯುತ್ತದೆ. ಕೊಯ್ತವಿಲ್ಲ, ಹೊಲಿಗೆಯಿಲ್ಲ, ಹನಿ ಹಾಕಿ ಪಾಪೆಯನ್ನು ಅಗಲಿಸಿದ ಮೇಲೆ ಕೆಲವು ನಿಮಿಷಗಳ ಕೆಲಸ. ರೋಗಿಯು ಅಂದೇ ಮನೆಗೆ ಹೋಗಬಹುದು.

ಅಪಾಯವೇ ಇಲ್ಲವೆಂದು ನಾವು ಹೇಳೆವು. ಕಣ್ಣಿನ ಒತ್ತಡ ಕೆಲವು ಗಂಟೆ ಏರಬಹುದು. ವಿರಳವಾಗಿ ಅಕ್ಷಿಪಟಲವೂ ಕಳಚಬಹುದು. ಮಿಂಚು ಹೊಳೆದಂತೆಯೋ ತೆರೆ ಇಳಿದಂತೆಯೋ ಕಂಡರೆ ಒಡನೆಯೇ ವೈದ್ಯರಲ್ಲಿಗೆ ಹೋಗತಕ್ಕದ್ದು. ಮಧುಮೇಹದಿಂದಲೂ ನೋಟ ಕುಂದುವುದರಿಂದ ಮೊದಲು ಪರೀಕ್ಷೆ ಅವಶ್ಯ.

ಶಿಬಿರಗಳ ಸಾಫಲ್ಯವನ್ನು ಶಸ್ತ್ರಕ್ರಿಯೆಗಳ ಲೆಕ್ಕದಿಂದಲೇ ಅಳೆಯುವ ರೂಢಿ ನಮಗೆ ಒಪ್ಪಿಗೆಯಿಲ್ಲ. ಬಿಡುಗಡೆಯ ಚೀಟಿಯಲ್ಲಿ ಈ ವಿಷಯವನ್ನು ತಿಳಿಗನ್ನಡದಲ್ಲಿ ಬರೆದುಕೊಡಲು ಎಷ್ಟು ಖರ್ಚು? ಶಿಬಿರಕ್ಕೆ ಕರೆದೊಯ್ಯಲು ಹಳ್ಳಿಗೆ ಬಂದ ಬಂಡಿಯು ಎರಡು ವರ್ಷಗಳಾದ ಮೇಲೆ ಅದೇ ಬಾಗಿಲುಗಳಿಗೆ ಇನ್ನೊಮ್ಮೆ ಬರಲಿ. ಲೇಸರ್ ಯಂತ್ರವಿರುವ ಆಸ್ಪತ್ರೆಗೆ ಆ ವೃದ್ಧರನ್ನು ಮುಟ್ಟಿಸಲಿ.