ಬ್ರೇಕ್ ಆಯಿಲ್ ಕುದಿಯುವ ಹೊತ್ತು

ಶಿರಾಡಿ ಘಾಟಿ ಇಳಿಯುವ ಲಾರಿಗಳ ಹಿಂದೆ ಸಾಗಿದವರಿಗೆ ಕಾದ ಬ್ರೇಕ್ ಲೈನರಿನ ಕಮಟು ವಾಸನೆ ಗೊತ್ತಿರುತ್ತದೆ. ಇಳಿಜಾರಿನಲ್ಲಿ ಗೇರು ತಗ್ಗಿಸದೆ ಬ್ರೇಕನ್ನೇ ನಂಬಿದರೆ ಅದು ಕೈಕೊಡುತ್ತದೆ ಎಂಬುದು ಘಟ್ಟದ ಚಾಲಕರೆಲ್ಲ ಬಲ್ಲ ಪಾಠ. ಹಳೆಯ ಕಾರನ್ನು ರೇಸ್ ಟ್ರ್ಯಾಕಿಗೆ ಒಯ್ಯುವವರಿಗೂ ಬೇಕಾದದ್ದು ಇದೇ ಪಾಠ. ಸ್ಪರ್ಧೆಯ ಹಂಗಿಲ್ಲದೆ, ಹಣ ಕಟ್ಟಿ ಸ್ವಂತ ಕಾರನ್ನು ಮನಸಾರೆ ಓಡಿಸುವ ‘ಟ್ರ್ಯಾಕ್ ಡೇ’ಗಳಿಗಾಗಿ ಬೆಂಗಳೂರಿನ ಕಾರುಪ್ರಿಯರು ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈಗೋ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೋ ಹೋಗುತ್ತಾರೆ. ಹೊರಡುವ ಮುನ್ನ ಹಲವರ ಕಣ್ಣು ಬೀಳುವುದು ದೊಡ್ಡ ಡಿಸ್ಕ್ ಮತ್ತು ಕೆಂಪು ಬಣ್ಣದ ಕ್ಯಾಲಿಪರುಗಳ ಮೇಲೆ. ನನ್ನ ಪ್ರಕಾರ ಮೊದಲ ಖರ್ಚು ಬ್ರೇಕ್ ಆಯಿಲಿಗೆ, ಎರಡನೆಯದು ಪ್ಯಾಡುಗಳಿಗೆ ಸಲ್ಲಬೇಕು. ದೊಡ್ಡ ಡಿಸ್ಕಿನ ಸರದಿ ಎಲ್ಲಕ್ಕಿಂತ ಕೊನೆಗೆ.

ಕಾರಣ ತಿಳಿಯಲು ಸಣ್ಣದೊಂದು ಲೆಕ್ಕ ಸಾಕು. ಮಾರುತಿ ಎಸ್ಟೀಮ್‌ನಂಥ ಹಳೆಯ ಕಾರು ಚಾಲಕನೂ ಸೇರಿ ಸುಮಾರು 1000 ಕಿಲೋ ತೂಗುತ್ತದೆ ಎಂದುಕೊಳ್ಳೋಣ. ನೇರ ಹಾದಿಯಲ್ಲಿ ಗಂಟೆಗೆ 140 ಕಿ.ಮೀ. ವೇಗದಲ್ಲಿ ಬಂದು, ತಿರುವಿಗೆ ಮುನ್ನ 70ಕ್ಕೆ ಇಳಿಯಬೇಕು. ವೇಗ ಅರ್ಧವಾದರೆ ಚಲನಶಕ್ತಿ ಕಾಲುಭಾಗಕ್ಕೆ ಇಳಿಯುತ್ತದೆ. ಉಳಿದ ಮುಕ್ಕಾಲು ಭಾಗ, ಅಂದರೆ ಸುಮಾರು 570 ಕಿಲೋಜೂಲ್, ಬಹುಪಾಲು ಬ್ರೇಕುಗಳಲ್ಲಿಯೇ ಬಿಸಿಯಾಗುತ್ತದೆ. ಒಂದೂಮುಕ್ಕಾಲು ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರಲು ಇಷ್ಟು ಶಾಖ ಸಾಕು. ಬ್ರೇಕುಗಳು ಅದನ್ನು ಸುಮಾರು ಮೂರು ಸೆಕೆಂಡಿನಲ್ಲಿ ನುಂಗಬೇಕು. ಬ್ರೇಕ್ ಒತ್ತಿದಾಗ ಭಾರ ಮುಂದಕ್ಕೆ ವಾಲುವುದರಿಂದ ಶೇಕಡಾ 70ರಷ್ಟು ಕೆಲಸ ಮುಂಚಕ್ರಗಳದ್ದು. ಮುಂದಿನ ಡಿಸ್ಕ್ ತಲಾ ನಾಲ್ಕು ಕಿಲೋ ಇದ್ದರೆ, ಒಂದೇ ಬ್ರೇಕಿಗೆ ಅದರ ಉಷ್ಣತೆ ನೂರು ಡಿಗ್ರಿಗೂ ಹೆಚ್ಚು ಏರುತ್ತದೆ. ಪೇಟೆಯ ರಸ್ತೆಯಲ್ಲಿ ಇಂಥ ಬ್ರೇಕ್ ದಿನಕ್ಕೊಮ್ಮೆಯೂ ಬೇಕಾಗದು. ಟ್ರ್ಯಾಕಿನಲ್ಲಾದರೆ ಡಿಸ್ಕ್ ಆರುವ ಮೊದಲೇ ಮುಂದಿನ ತಿರುವು ಬಂದಿರುತ್ತದೆ.

ಈ ಬಿಸಿ ಡಿಸ್ಕಿನಿಂದ ಪ್ಯಾಡಿಗೆ, ಪ್ಯಾಡಿನಿಂದ ಕ್ಯಾಲಿಪರಿನ ಪಿಸ್ಟನ್‌ಗೆ, ಅಲ್ಲಿಂದ ಅದರ ಹಿಂದಿರುವ ಬ್ರೇಕ್ ಆಯಿಲಿಗೆ ಹರಿಯುತ್ತದೆ. ನಾವು ಆಯಿಲ್ ಎಂದರೂ ಅದು ಎಣ್ಣೆಯಲ್ಲ. ಸಾಮಾನ್ಯ ಕಾರುಗಳಲ್ಲಿ ಇರುವುದು ಗ್ಲೈಕಾಲ್ ಜಾತಿಯ ದ್ರವ. ಅದಕ್ಕೆ ಗಾಳಿಯ ತೇವವನ್ನು ಹೀರಿಕೊಳ್ಳುವ ಗುಣವಿದೆ. ಡಾಟ್ 3 ದರ್ಜೆಯ ಹೊಸ ದ್ರವದ ಕುದಿಬಿಂದು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಇರಬೇಕು. ಅದೇ ದ್ರವ ಶೇಕಡಾ 3.7ರಷ್ಟು ನೀರು ಕುಡಿದಾಗ 140 ಡಿಗ್ರಿ ದಾಟಿದರೆ ಸಾಕು, ಮಾನಕದ ಪ್ರಕಾರ ತೇರ್ಗಡೆ. ಡಾಟ್ 4ಕ್ಕೆ ಈ ಅಂಕಿಗಳು 230 ಮತ್ತು 155. ವರ್ಷಗಟ್ಟಲೆ ಬ್ರೇಕ್ ಆಯಿಲ್ ಬದಲಿಸದ ಕಾರು ಟ್ರ್ಯಾಕಿಗಿಳಿದರೆ ಆಗುವುದೇನು? ದ್ರವ ಕುದಿದು ಆವಿಯ ಗುಳ್ಳೆಗಳೇಳುತ್ತವೆ. ದ್ರವವನ್ನು ಒತ್ತಿ ಕುಗ್ಗಿಸಲಾಗದು, ಆದರೆ ಆವಿ ಕುಗ್ಗುತ್ತದೆ. ಕಾಲಿನ ಬಲವೆಲ್ಲ ಗುಳ್ಳೆ ಹಿಂಡುವುದರಲ್ಲೇ ಮುಗಿದು, ಪೆಡಲ್ ನೆಲ ಮುಟ್ಟಿದರೂ ಕಾರು ನಿಲ್ಲದು. ಪ್ಯಾಡ್ ಸೋಲುವ ಬಗೆ ಬೇರೆ. ಅದರ ಪುಡಿಗಳನ್ನು ಹಿಡಿದಿಟ್ಟ ಅಂಟು ಅತಿಯಾಗಿ ಕಾದಾಗ ಒಡೆದು ಅನಿಲ ಬಿಡುತ್ತದೆ, ಘರ್ಷಣೆ ಕುಸಿಯುತ್ತದೆ. ಆಗ ಪೆಡಲ್ ಗಟ್ಟಿಯಾಗಿಯೇ ಇರುತ್ತದೆ, ಹಿಡಿತ ಮಾತ್ರ ಇರದು. ಸೋತದ್ದು ಯಾವುದೆಂದು ಹೀಗೆ ಪಾದವೇ ಹೇಳಿಬಿಡುತ್ತದೆ.

ದೊಡ್ಡ ಡಿಸ್ಕ್ ಹಾಕಿದರೆ ಕಾರು ಬೇಗ ನಿಲ್ಲುವುದಿಲ್ಲವೇ ಎಂಬ ಆಕ್ಷೇಪ ಸಹಜ. ಆದರೆ ಕೊನೆಗೆ ಕಾರನ್ನು ನಿಲ್ಲಿಸುವುದು ಟೈರು ಮತ್ತು ನೆಲದ ನಡುವಿನ ಹಿಡಿತ. ಈಗಿರುವ ಬ್ರೇಕೇ ಚಕ್ರವನ್ನು ಲಾಕ್ ಮಾಡಬಲ್ಲದಾದರೆ, ಇನ್ನೂ ಬಲವಾದ ಬ್ರೇಕಿನಿಂದ ಮೊದಲ ನಿಲುಗಡೆಯ ದೂರ ಹೆಚ್ಚೇನೂ ತಗ್ಗದು. ದೊಡ್ಡ ಡಿಸ್ಕಿನ ನಿಜವಾದ ಲಾಭ ಹೆಚ್ಚು ಲೋಹ, ಹೆಚ್ಚು ಮೈ. ಹತ್ತನೆಯ ಬ್ರೇಕಿನಲ್ಲಿ ಅದು ನೆರವಾಗುತ್ತದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಅದಕ್ಕೆ ತೆರಬೇಕಾದ ಬೆಲೆಯೂ ಇದೆ. 13 ಇಂಚಿನ ಚಕ್ರದೊಳಗೆ ಅದು ಹಿಡಿಸದೆ ಚಕ್ರ, ಟೈರುಗಳನ್ನೂ ಬದಲಿಸಬೇಕಾದೀತು. ಕ್ಯಾಲಿಪರಿನ ಪಿಸ್ಟನ್ ದೊಡ್ಡದಾದರೆ ಹಳೆಯ ಮಾಸ್ಟರ್ ಸಿಲಿಂಡರ್ ಹೆಚ್ಚು ದ್ರವ ತಳ್ಳಬೇಕಾಗಿ ಪೆಡಲ್ ಉದ್ದಕ್ಕೆ ಇಳಿಯುತ್ತದೆ. ಎಲ್ಲಕ್ಕಿಂತ ಸೂಕ್ಷ್ಮವಾದದ್ದು ಮುಂದಿನ ಮತ್ತು ಹಿಂದಿನ ಬ್ರೇಕುಗಳ ಸಮತೋಲ. ಮುಂದಿನದನ್ನು ಮಾತ್ರ ಬಲಪಡಿಸಿದರೆ ಮುಂಚಕ್ರಗಳು ಬೇಗ ಲಾಕ್ ಆಗಿ ಹಿಂದಿನವು ದುಡಿಯದೆ ಉಳಿಯುತ್ತವೆ. ಹಿಂದಿನದು ಅತಿಯಾದರಂತೂ ತಿರುವಿನ ಬಾಯಲ್ಲಿ ಕಾರು ಬುಗುರಿಯಂತೆ ತಿರುಗೀತು. ಇನ್ನು ಪ್ಯಾಡುಗಳ ವಿಷಯ. ಟ್ರ್ಯಾಕಿಗೆಂದೇ ಮಾಡಿದ ಪ್ಯಾಡುಗಳು ಪೇಟೆಯಲ್ಲಿ ಕಿರುಗುಟ್ಟುತ್ತವೆ, ತಣ್ಣಗಿದ್ದಾಗ ಕಚ್ಚುವುದಿಲ್ಲ ಎಂಬ ದೂರು ಮಾತ್ರ ನಿಜವೇ. ಅಪ್ಪಟ ರೇಸಿಂಗ್ ಪ್ಯಾಡ್ ಹಾಕಿಕೊಂಡು ದಿನವೂ ಆಫೀಸಿಗೆ ಹೋಗುವುದು ಅಪಾಯ. ಎರಡಕ್ಕೂ ಹೊಂದುವ ನಡುದರ್ಜೆಯ ಪ್ಯಾಡ್ ಅಂಥವರಿಗೆ ಸರಿ.

ಹಳೆಯ ಕಾರಿನಲ್ಲಿ ಇನ್ನೊಂದು ಮಾತನ್ನು ಮರೆಯಬಾರದು. ವಯಸ್ಸಾದ ರಬ್ಬರ್ ಹೋಸ್ ಒತ್ತಡಕ್ಕೆ ಉಬ್ಬುತ್ತದೆ, ಬಿರುಕು ಬಿಡುತ್ತದೆ. ತುಕ್ಕು ಹಿಡಿದ ಪಿಸ್ಟನ್ ಸಿಕ್ಕಿಕೊಳ್ಳುತ್ತದೆ. ಇವು ಹಾಗೆಯೇ ಇದ್ದರೆ ಎಷ್ಟು ದುಬಾರಿ ಡಿಸ್ಕೂ ದಂಡ. ಆದ್ದರಿಂದ ಟ್ರ್ಯಾಕಿಗೆ ಹೊರಡುವ ಮುನ್ನ ಹೋಸ್, ಸೀಲುಗಳನ್ನು ಪರೀಕ್ಷಿಸಿ. ಸೀಲು ಮುರಿಯದ ಡಬ್ಬಿಯಿಂದ ಹೊಸ ಡಾಟ್ 4 ದ್ರವ ತುಂಬಿಸಿ, ನಾಲ್ಕೂ ಚಕ್ರಗಳ ಬ್ರೇಕುಗಳಲ್ಲಿ ಸೇರಿರುವ ಗಾಳಿ ತೆಗೆಸಿ. ಕೆಲವು ಸುತ್ತು ಬಿರುಸಾಗಿ ಓಡಿಸಿದ ಮೇಲೆ ಒಂದು ಸುತ್ತು ಬ್ರೇಕ್ ಮುಟ್ಟದಂತೆ ನಿಧಾನವಾಗಿ ಬನ್ನಿ. ನಿಲ್ಲಿಸಿದಾಗ ಹ್ಯಾಂಡ್ ಬ್ರೇಕ್ ಎಳೆಯದೆ ಕಾರನ್ನು ಗೇರಿನಲ್ಲಿಟ್ಟು, ಚಕ್ರಕ್ಕೆ ಅಡ್ಡಗಲ್ಲು ಕೊಡಿ.